ಹಡಗಿಗೆ ಎಷ್ಟು ತಪಾಸಣೆ?

ಕೊಳಾಲದ ಸುತ್ತಮುತ್ತಲಿನ ಹಳ್ಳಿಗಳಲ್ಲಿ ಸಮುದ್ರವನ್ನು ಕಣ್ಣಾರೆ ಕಾಣದವರು ಇನ್ನೂ ಇದ್ದಾರೆ. ಆದರೂ ಹಡಗಿನ ತಪಾಸಣೆಯ ತೊಡಕನ್ನು ನಾವು ನೆಲದ ಮೇಲೆಯೇ ಊಹಿಸಿಕೊಳ್ಳಬಹುದು. ಮಧುಗಿರಿಯಿಂದ ಹುಣಸೆಹಣ್ಣನ್ನು ಹೇರಿಕೊಂಡ ಲಾರಿಯೊಂದು ಶಿರಾಡಿ ಘಾಟಿಯನ್ನಿಳಿದು ಮಂಗಳೂರಿಗೆ ಹೋಗುತ್ತಿದೆಯೆನ್ನೋಣ. ದಾರಿಯಲ್ಲಿ ನಾಲ್ಕು ಕಡೆ ತಡೆದು, ನಾಲ್ವರು ಅಧಿಕಾರಿಗಳು ಅದೇ ಕಾಗದಪತ್ರ, ಅದೇ ಬ್ರೇಕು, ಅದೇ ಟೈರುಗಳನ್ನು ಪರೀಕ್ಷಿಸಿದರೆ ಚಾಲಕನ ಪಾಡೇನು? ನಾಲ್ಕನೆಯವರು ನೋಡಿದ ಮಾತ್ರಕ್ಕೆ ಬ್ರೇಕು ಮತ್ತಷ್ಟು ಗಟ್ಟಿಯಾಗುವುದಿಲ್ಲ.

ಮಂಗಳೂರಿನ ಬಳಿ ಪಣಂಬೂರಿನಲ್ಲಿರುವ ನವಮಂಗಳೂರು ಬಂದರು 1974ರಲ್ಲಿ ದೇಶದ ಒಂಬತ್ತನೆಯ ಪ್ರಮುಖ ಬಂದರೆಂದು ಘೋಷಿತವಾಯಿತು. ಇಲ್ಲಿಗೆ ಕಚ್ಚಾತೈಲವನ್ನು ತರುವ ವಿದೇಶಿ ಹಡಗನ್ನು ಪರೀಕ್ಷಿಸುವವರು ಒಬ್ಬಿಬ್ಬರಲ್ಲ. ಅದು ಯಾವ ದೇಶದ ಧ್ವಜವನ್ನು ಹಾರಿಸುತ್ತದೆಯೋ ಆ ದೇಶದವರು ನೋಡುತ್ತಾರೆ. ಹಡಗಿನ ಒಡಲು ಮತ್ತು ಯಂತ್ರಗಳ ದೃಢತೆಗೆ ಪ್ರಮಾಣಪತ್ರ ಕೊಡುವ ಲಾಯ್ಡ್ಸ್ ರಿಜಿಸ್ಟರಿನಂತಹ ಸಂಸ್ಥೆಗಳವರು ನೋಡುತ್ತಾರೆ. ಹಡಗನ್ನು ಬಾಡಿಗೆಗೆ ಪಡೆಯುವ ತೈಲ ಕಂಪನಿಯವರೂ ನೋಡುತ್ತಾರೆ. ಇವರೆಲ್ಲರ ಬಳಿಕ, ಬಂದರಿರುವ ದೇಶದ ಸರ್ವೇಯರಿಗೂ ಹಡಗನ್ನೇರುವ ಹಕ್ಕುಂಟು.

ಈ ಒಂದೊಂದು ತಪಾಸಣೆಗೂ ಕಪ್ತಾನನಾಗಲಿ ಹಿರಿಯ ಅಧಿಕಾರಿಗಳಾಗಲಿ ಜೊತೆಯಲ್ಲಿ ತಿರುಗಬೇಕು. ಜೀವರಕ್ಷಕ ದೋಣಿಯನ್ನು ಇಳಿಸಿ ತೋರಿಸಬೇಕು. ಬೆಂಕಿಯಾರಿಸುವ ಪಂಪನ್ನು ಓಡಿಸಬೇಕು. ಸರಕನ್ನು ಇಳಿಸುವ ಕೆಲಸವೂ ಅದೇ ಹೊತ್ತಿಗೆ ನಡೆದಿರುತ್ತದೆ. ನಾವಿಕನಿಗೆ ದಿನಕ್ಕೆ ಕನಿಷ್ಠ ಹತ್ತು ಗಂಟೆಗಳ ವಿಶ್ರಾಂತಿ ಸಿಗಬೇಕೆಂಬುದು ಅಂತರರಾಷ್ಟ್ರೀಯ ನಿಯಮ. ಆ ವಿಶ್ರಾಂತಿಯೇ ಇಲ್ಲಿ ಮೊದಲು ಕಡಿತವಾಗುತ್ತದೆ. ನಿದ್ದೆಗೆಟ್ಟವನು ರಾತ್ರಿ ಹಡಗನ್ನು ನಡೆಸುವುದು ಸುರಕ್ಷಿತವೇ?

ತಪಾಸಣೆಗಳ ಸಂಖ್ಯೆ ಹೆಚ್ಚಿದರೆ ಅಪಾಯ ತಗ್ಗುತ್ತದೆಯೆಂದೂ ಹೇಳಲಾಗದು. 1999ರ ಡಿಸೆಂಬರಿನಲ್ಲಿ ಫ್ರಾನ್ಸಿನ ಕರಾವಳಿಯಾಚೆ ಎರಡು ಹೋಳಾಗಿ ಮುಳುಗಿದ ಎರಿಕಾ ಎಂಬ ತೈಲಹಡಗನ್ನು ಅನೇಕರು ಪರೀಕ್ಷಿಸಿದ್ದರು. ಅದರ ಬಳಿ ಬೇಕಾದ ಪ್ರಮಾಣಪತ್ರಗಳಿದ್ದವು. ನಮ್ಮ ಕರಾವಳಿಯ ಉದಾಹರಣೆಯೂ ಇದೆ. 2009ರ ಜುಲೈ ತಿಂಗಳಲ್ಲಿ ಕಬ್ಬಿಣದ ಅದಿರಿನ ಪುಡಿಯನ್ನು ಹೇರಿಕೊಂಡಿದ್ದ ಏಷಿಯನ್ ಫಾರೆಸ್ಟ್ ಎಂಬ ಹಡಗು ಮಂಗಳೂರಿನಾಚೆ ಮುಳುಗಿತು. ಪುಣ್ಯವಶಾತ್ ಅದರಲ್ಲಿದ್ದವರೆಲ್ಲರೂ ಪಾರಾದರು. ಮಳೆಯಲ್ಲಿ ನೆನೆದ ಅದಿರಿನ ಪುಡಿ, ಹಡಗು ಹೊಯ್ದಾಡಿದಂತೆ ಕೆಸರಿನಂತಾಗಿ ಒಂದೇ ಮಗ್ಗುಲಿಗೆ ಸರಿಯಬಲ್ಲುದು. ಜೀವರಕ್ಷಕ ದೋಣಿಯನ್ನು ಹತ್ತು ಸಲ ಎಣಿಸಿದರೂ ಅದಿರಿನ ತೇವ ತಿಳಿಯುವುದಿಲ್ಲ. ಅದಕ್ಕೆ ಅದಿರನ್ನೇ ಪರೀಕ್ಷಿಸಬೇಕು.

ಹಾಗಾದರೆ ಮಾಡಬೇಕಾದುದೇನು? ಒಬ್ಬರು ಕಂಡುದನ್ನು ಇನ್ನೊಬ್ಬರು ನಂಬುವ ಏರ್ಪಾಡು ಬೇಕು. 1982ರಲ್ಲಿ ಯೂರೋಪಿನ ಹದಿನಾಲ್ಕು ದೇಶಗಳು ಪ್ಯಾರಿಸಿನಲ್ಲಿ ಇಂತಹ ಒಡಂಬಡಿಕೆಯೊಂದಕ್ಕೆ ಸಹಿ ಹಾಕಿದವು. ಒಂದು ದೇಶದ ಬಂದರಿನಲ್ಲಿ ತಪಾಸಣೆಯಾದ ಹಡಗನ್ನು, ಸ್ಪಷ್ಟವಾದ ಕಾರಣವಿಲ್ಲದೆ, ಆರು ತಿಂಗಳೊಳಗೆ ಮತ್ತೊಂದು ದೇಶ ಪರೀಕ್ಷಿಸದಿರಲು ಯತ್ನಿಸಬೇಕೆಂಬುದು ಅದರ ಒಂದು ಅಂಶವಾಗಿತ್ತು. ಇದೇ ಮಾದರಿಯ ಹಿಂದೂ ಮಹಾಸಾಗರದ ಒಡಂಬಡಿಕೆ 1999ರಲ್ಲಿ ಜಾರಿಗೆ ಬಂದಿತು. ಭಾರತ ಅದರ ಸದಸ್ಯ. ಅದರ ಕಾರ್ಯಾಲಯವಿರುವುದು ನಮ್ಮ ನೆರೆಯ ಗೋವೆಯಲ್ಲಿ. ತೈಲ ಕಂಪನಿಗಳೂ 1993ರಿಂದ ತಮ್ಮ ತಪಾಸಣಾ ವರದಿಗಳನ್ನು ಒಂದೆಡೆ ಇಟ್ಟು ಹಂಚಿಕೊಳ್ಳತೊಡಗಿದವು.

2011ರಿಂದ ಪ್ಯಾರಿಸ್ ಒಡಂಬಡಿಕೆಯ ದೇಶಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿವೆ. ಒಳ್ಳೆಯ ದಾಖಲೆಯುಳ್ಳ ಹಡಗಿನ ಸರದಿ ಎರಡು ಮೂರು ವರ್ಷಗಳಿಗೊಮ್ಮೆ ಬಂದರೆ, ಅಪಾಯಕಾರಿಯೆನಿಸಿದ ಹಡಗಿನ ಸರದಿ ಐದಾರು ತಿಂಗಳಿಗೇ ಬರುತ್ತದೆ. ಎಲ್ಲರನ್ನೂ ಒಂದೇ ಅಳತೆಯಿಂದ ಅಳೆಯುವುದಕ್ಕಿಂತ ಇದು ನ್ಯಾಯವಾದ ಕ್ರಮವೆಂದೇ ತೋರುತ್ತದೆ.

ಆದರೆ ನಂಬಿಕೆಗೂ ಒಂದು ಎಲ್ಲೆಯುಂಟು. ಮೊದಲು ಪರೀಕ್ಷಿಸಿದವರು ಅಲಕ್ಷ್ಯದಿಂದ ಸಹಿ ಹಾಕಿದ್ದರೆ ಆ ತಪ್ಪು ಬಂದರಿನಿಂದ ಬಂದರಿಗೆ ಹಡಗಿನೊಡನೆಯೇ ಸಾಗುತ್ತದೆ. ಆದುದರಿಂದ ಡಿಕ್ಕಿಯಾಗಿ ಬಂದ ಹಡಗನ್ನು, ಎಣ್ಣೆ ಚೆಲ್ಲಿದ ಹಡಗನ್ನು ಸರದಿಗೆ ಕಾಯದೆ ಪರೀಕ್ಷಿಸಬಹುದು. ಹಡಗಿನಲ್ಲಿ ದುಡಿಯುವ ನಾವಿಕನೊಬ್ಬನು ದೂರು ಕೊಟ್ಟರೂ, ಅದು ಆಧಾರವಿಲ್ಲದ ದೂರೆಂದು ತೋರದಿದ್ದರೆ, ಸರ್ವೇಯರು ಹಡಗನ್ನೇರುತ್ತಾರೆ. ದೂರು ಕೊಟ್ಟವನ ಹೆಸರನ್ನು ಮಾತ್ರ ಕಪ್ತಾನನಿಗೆ ತಿಳಿಸುವಂತಿಲ್ಲ.