ಕಾಗದದ ಪಟ್ಟಿಯಲ್ಲಿ ಭಿನ್ನರಾಶಿ

ಮಕ್ಕಳೇ, 1/2 ಮತ್ತು 1/3 ಕೂಡಿಸಿದರೆ ಎಷ್ಟು ಎಂದು ಕೇಳಿದರೆ ಹಲವರು ಥಟ್ಟನೆ 2/5 ಎನ್ನುತ್ತಾರೆ. ಮೇಲಿನ 1 ಮತ್ತು 1 ಸೇರಿ 2, ಕೆಳಗಿನ 2 ಮತ್ತು 3 ಸೇರಿ 5. ಕೇಳಲು ಸರಿಯಾಗಿಯೇ ಇದೆ ಅನ್ನಿಸುತ್ತದೆ. ಇದು ಸರಿಯೋ ತಪ್ಪೋ ಎಂಬುದನ್ನು ಯಾರನ್ನೂ ಕೇಳದೆ ನೀವೇ ತೀರ್ಮಾನಿಸಬಹುದು. ಅದಕ್ಕೆ ಬೇಕಾಗುವುದು ಹಳೆಯ ದಿನಪತ್ರಿಕೆ, ಗೆರೆ ಹಾಕಿದ ನೋಟ್‌ಬುಕ್, ಸ್ಕೇಲು, ಪೆನ್ಸಿಲ್ ಮತ್ತು ಕತ್ತರಿ.

ದಿನಪತ್ರಿಕೆಯಿಂದ 18 ಸೆಂ.ಮೀ. ಉದ್ದ, 3 ಸೆಂ.ಮೀ. ಅಗಲದ ಆರು ಪಟ್ಟಿಗಳನ್ನು ಕತ್ತರಿಸಿಕೊಳ್ಳಿ. ಎಲ್ಲ ಪಟ್ಟಿಗಳ ಉದ್ದವೂ ಒಂದೇ ಇರಬೇಕು. ಇದನ್ನು ಮರೆತರೆ ಮುಂದಿನದೆಲ್ಲ ಕೆಡುತ್ತದೆ. ದೊಡ್ಡ ರೊಟ್ಟಿಯ ಕಾಲು ಭಾಗ ಪುಟ್ಟ ರೊಟ್ಟಿಯ ಅರ್ಧಕ್ಕಿಂತ ದೊಡ್ಡದಿರಬಹುದು, ಅಲ್ಲವೇ? ಯಾವುದರ ಅರ್ಧ, ಯಾವುದರ ಕಾಲು ಎಂಬುದು ಮೊದಲು ಗೊತ್ತಿರಬೇಕು. ಪುಸ್ತಕಗಳಲ್ಲಿ ಭಿನ್ನರಾಶಿಗೆ ರೊಟ್ಟಿಯಂಥ ವೃತ್ತದ ಚಿತ್ರ ಬರೆಯುವುದುಂಟು. ಆದರೆ ವೃತ್ತವನ್ನು ಮೂರು ಅಥವಾ ಐದು ಸಮಭಾಗ ಮಾಡುವುದು ಕಷ್ಟ. ನಮ್ಮ ಕೆಲಸಕ್ಕೆ ಪಟ್ಟಿಯೇ ವಾಸಿ.

ಮೊದಲ ಪಟ್ಟಿಯನ್ನು ಮಡಿಸಬೇಡಿ. ಅದರ ಮೇಲೆ 1 ಎಂದು ಬರೆಯಿರಿ. ಎರಡನೆಯದನ್ನು ತುದಿಗೆ ತುದಿ ಕೂಡುವಂತೆ ಮಡಿಸಿ ಬಿಚ್ಚಿ. ಪ್ರತಿ ಭಾಗದಲ್ಲೂ 1/2 ಎಂದು ಬರೆಯಿರಿ. ಮೂರನೆಯದನ್ನು ಹೀಗೆಯೇ ಮಡಿಸಿ, ಇನ್ನೊಮ್ಮೆ ಮಡಿಸಿದರೆ ನಾಲ್ಕು ಭಾಗ. ಅಲ್ಲಿ 1/4 ಎಂದು ಬರೆಯಿರಿ.

ಮೂರು ಸಮಭಾಗ ಮಾಡುವುದು ಹೇಗೆ? ಅಳೆದರೆ ಆಯಿತು, ನಿಜ. ಆದರೆ ಅಳೆಯದೆ ಮಾಡುವ ಸೊಗಸಾದ ಉಪಾಯವೊಂದಿದೆ. ನೋಟ್‌ಬುಕ್ಕಿನ ಹಾಳೆಯ ಮೇಲೆ ಪಟ್ಟಿಯನ್ನು ಓರೆಯಾಗಿ ಇಡಿ. ಅದರ ಉದ್ದನೆಯ ಅಂಚಿನ ಒಂದು ಮೂಲೆ ಯಾವುದಾದರೊಂದು ಗೆರೆಯನ್ನು ಮುಟ್ಟಲಿ. ಅದೇ ಅಂಚಿನ ಇನ್ನೊಂದು ಮೂಲೆ ಅಲ್ಲಿಂದ ಕೆಳಗಿನ 15ನೆಯ ಗೆರೆಯನ್ನು ಮುಟ್ಟುವಂತೆ ಪಟ್ಟಿಯನ್ನು ತಿರುಗಿಸಿ. ಈಗ 5ನೆಯ ಮತ್ತು 10ನೆಯ ಗೆರೆಗಳು ಅಂಚನ್ನು ಸೇರುವಲ್ಲಿ ಗುರುತು ಹಾಕಿ, ಆ ಗುರುತುಗಳಲ್ಲಿ ಮಡಿಸಿ. ಮೂರು ಸಮಭಾಗಗಳಾದವು! ನೋಟ್‌ಬುಕ್ಕಿನ ಗೆರೆಗಳು ಸಮಾನಾಂತರವಾಗಿದ್ದು, ಅವುಗಳ ನಡುವಿನ ದೂರವೂ ಒಂದೇ. ಆದ್ದರಿಂದ ಅವು ಓರೆಯಾಗಿಟ್ಟ ಅಂಚನ್ನೂ ಸಮನಾಗಿಯೇ ತುಂಡರಿಸುತ್ತವೆ. ಐದನೆಯ ಪಟ್ಟಿಯನ್ನೂ ಹೀಗೆಯೇ ಇಟ್ಟು 3, 6, 9, 12ನೆಯ ಗೆರೆಗಳಲ್ಲಿ ಗುರುತು ಹಾಕಿದರೆ ಐದು ಸಮಭಾಗ. ಆರನೆಯದನ್ನು ಮೂರು ಭಾಗವಾಗಿ ಮಡಿಸಿ, ಮಡಿಕೆ ಬಿಚ್ಚದೆಯೇ ಮತ್ತೆ ಅರ್ಧಕ್ಕೆ ಮಡಿಸಿದರೆ ಆರು ಭಾಗ. ಎಲ್ಲದರ ಮೇಲೂ 1/3, 1/5, 1/6 ಎಂದು ಬರೆದುಕೊಳ್ಳಿ.

ಪಟ್ಟಿಗಳನ್ನು ಒಂದರ ಕೆಳಗೊಂದು ಜೋಡಿಸಿ ನೋಡಿ. ಛೇದ ದೊಡ್ಡದಾದಂತೆ ತುಂಡು ಚಿಕ್ಕದಾಗುತ್ತಿದೆ. 1/5ಕ್ಕಿಂತ 1/4 ದೊಡ್ಡದು, ಅದಕ್ಕಿಂತ 1/3 ದೊಡ್ಡದು. ಹಂಚಿಕೊಳ್ಳುವವರು ಹೆಚ್ಚಿದರೆ ಪಾಲು ಕಡಿಮೆಯಾಗಲೇಬೇಕು.

ಈಗ ನಮ್ಮ ಪ್ರಶ್ನೆಗೆ ಬರೋಣ. ಐದು ಭಾಗದ ಪಟ್ಟಿಯಲ್ಲಿ ಎರಡು ಭಾಗ, ಅಂದರೆ 2/5, ಎಲ್ಲಿಯವರೆಗೆ ಬರುತ್ತದೆ? ಅರ್ಧದ ಗುರುತಿಗಿಂತ ಹಿಂದೆಯೇ ನಿಂತುಬಿಟ್ಟಿತು! ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಬರಲು ಸಾಧ್ಯವೇ? ಹಾಗಾದರೆ 2/5 ಉತ್ತರವಾಗಲಾರದು.

ಸರಿಯುತ್ತರ ಯಾವುದು? 1/2ರ ಒಂದು ತುಂಡನ್ನೂ 1/3ರ ಒಂದು ತುಂಡನ್ನೂ ಕತ್ತರಿಸಿ, ಮಡಿಸದ ಪಟ್ಟಿಯ ಮೇಲೆ ಒತ್ತೊತ್ತಾಗಿ ಇಡಿ. ಕೊನೆಯಲ್ಲಿ ಸ್ವಲ್ಪ ಜಾಗ ಉಳಿಯುತ್ತದೆ. ಈ ಎರಡು ತುಂಡುಗಳನ್ನು 'ಎರಡು' ಎಂದು ಎಣಿಸುವಂತಿಲ್ಲ, ಏಕೆಂದರೆ ಅವು ಒಂದೇ ಅಳತೆಯವಲ್ಲ. ಎರಡಕ್ಕೂ ಹೊಂದುವ ಇನ್ನೊಂದು ತುಂಡು ಬೇಕು. ಆರು ಭಾಗದ ಪಟ್ಟಿಯನ್ನು ಪಕ್ಕಕ್ಕೆ ಇಟ್ಟು ನೋಡಿ. ಅರ್ಧದ ತುಂಡಿಗೆ 1/6ರ ಮೂರು ತುಂಡುಗಳು, 1/3ರ ತುಂಡಿಗೆ ಎರಡು. ಒಟ್ಟು ಐದು. ಉತ್ತರ 5/6, ಉಳಿದ ಜಾಗ 1/6. ಸ್ಕೇಲಿನಿಂದಲೂ ಪರೀಕ್ಷಿಸಬಹುದು: 9 ಸೆಂ.ಮೀ. ಮತ್ತು 6 ಸೆಂ.ಮೀ. ಸೇರಿ 15 ಸೆಂ.ಮೀ. ಅದು 18ರ ಆರರಲ್ಲಿ ಐದು ಭಾಗ. ತರಗತಿಯಲ್ಲಿ 'ಛೇದಗಳನ್ನು ಸಮ ಮಾಡಿ' ಎಂದು ಹೇಳಿಕೊಡುವುದು ಇದನ್ನೇ. ಎಲ್ಲವನ್ನೂ ಒಂದೇ ಅಳತೆಯ ತುಂಡುಗಳಾಗಿ ಮಾಡಿ ಎಣಿಸುವುದು, ಅಷ್ಟೇ.

1/3ರಲ್ಲಿ ಅರ್ಧ ಎಷ್ಟು ಎಂಬುದಕ್ಕೂ ಇಲ್ಲೇ ಉತ್ತರವಿದೆ. 1/3ರ ತುಂಡನ್ನು ಅರ್ಧಕ್ಕೆ ಮಡಿಸಿ 1/6ರ ಪಕ್ಕ ಇಟ್ಟು ನೋಡಿ.

ಮಡಿಸಿ ಭಾಗ ಮಾಡುವ ಲೆಕ್ಕ ನಮ್ಮ ಮಾತಿನಲ್ಲೂ ಇದೆ. ಅರೆ ಎಂದರೆ 1/2, ಕಾಲು ಎಂದರೆ 1/4, ಮೂರು ಕಾಲು ಸೇರಿ ಮುಕ್ಕಾಲು. ಕಾಲಿನ ಅರ್ಧ ಅರೆಕಾಲು, ಅಂದರೆ 1/8. ಅದರ ಅರ್ಧ ವೀಸ, ಅಂದರೆ 1/16. ಒಂದು ಪಟ್ಟಿಯನ್ನು ನಾಲ್ಕು ಸಲ ಅರ್ಧರ್ಧ ಮಡಿಸಿದರೆ ವೀಸ ಸಿಗುತ್ತದೆ. ಹಿಂದೆ ಒಂದು ರೂಪಾಯಿಗೆ 16 ಆಣೆ, ಒಂದು ಆಣೆಗೆ 12 ಪೈ ಇದ್ದವು. ಆಗ ಒಂದು ರೂಪಾಯಿಯನ್ನು ಮೂವರಿಗೆ ಹಂಚಿದರೆ ತಲಾ 5 ಆಣೆ 4 ಪೈ, ಏನೂ ಉಳಿಯುತ್ತಿರಲಿಲ್ಲ. 1957ರ ಏಪ್ರಿಲ್ 1ರಿಂದ ರೂಪಾಯಿಗೆ 100 ಪೈಸೆ ಆಯಿತು. ಲೆಕ್ಕ ಬರೆಯುವುದು ಸುಲಭವಾಯಿತು, ಆದರೆ ಮೂವರಿಗೆ ಹಂಚಿದರೆ ತಲಾ 33 ಪೈಸೆ ಕೊಟ್ಟು ಒಂದು ಪೈಸೆ ಉಳಿಯುತ್ತದೆ!

ಹಂಚುವ ಲೆಕ್ಕ ಬಹಳ ಹಳೆಯದು. ಈಜಿಪ್ಟಿನಲ್ಲಿ ಸುಮಾರು 3,500 ವರ್ಷಗಳ ಹಿಂದೆ ಆಹ್ಮೆಸ್ ಎಂಬ ಲಿಪಿಕಾರ ಬರೆದ ಲೆಕ್ಕದ ಸುರುಳಿಯೊಂದು ದೊರೆತಿದೆ. 7 ರೊಟ್ಟಿಗಳನ್ನು 10 ಜನರಿಗೆ ಹಂಚುವ ಲೆಕ್ಕ ಅದರಲ್ಲಿದೆ. ಒಬ್ಬೊಬ್ಬರಿಗೆ 2/3 ಮತ್ತು 1/30 ಎಂದು ಅವನು ಬರೆದಿದ್ದಾನೆ. 30 ಭಾಗದ ಪಟ್ಟಿ ಮಾಡಿದರೆ ಅದು ಸರಿಯೇ ಎಂದು ನೋಡಬಹುದು.

ನಿಮಗೊಂದು ಕೆಲಸ. 1/3 ಮತ್ತು 2/5ರಲ್ಲಿ ಯಾವುದು ದೊಡ್ಡದು? ಎರಡನ್ನೂ ಕೂಡಿಸಿದರೆ ಎಷ್ಟು? ಆರು ಭಾಗದ ಪಟ್ಟಿ ಇಲ್ಲಿ ನೆರವಿಗೆ ಬರುವುದಿಲ್ಲ. ಎಷ್ಟು ಭಾಗದ ಪಟ್ಟಿ ಬೇಕು? ನೋಟ್‌ಬುಕ್ಕಿನಲ್ಲಿ ಎಷ್ಟು ಗೆರೆ ಎಣಿಸಿದ್ದೆವು ಎಂಬುದನ್ನು ನೆನಪಿಸಿಕೊಂಡು ಮಾಡಿ ನೋಡಿ.