ರೈಲ್ವೆ ಗೇಟು ಮತ್ತು ಕೆಳಸೇತುವೆ: ಹಳಿ ದಾಟುವವರ ಸುರಕ್ಷತೆ

ರಸ್ತೆ ಮತ್ತು ರೈಲುಮಾರ್ಗಗಳು ಒಂದೇ ಮಟ್ಟದಲ್ಲಿ ಒಂದನ್ನೊಂದು ಹಾಯುವ ಸ್ಥಳವನ್ನು ಲೆವೆಲ್ ಕ್ರಾಸಿಂಗ್ ಎಂದು ಕರೆಯಲಾಗುತ್ತದೆ. ಜನಸಾಮಾನ್ಯರ ಮಾತಿನಲ್ಲಿ ಅದು ರೈಲ್ವೆ ಗೇಟು. 1853ರ ಏಪ್ರಿಲ್ 16ರಂದು ಮುಂಬಯಿಯ ಬೋರಿಬಂದರಿನಿಂದ ಠಾಣೆಗೆ ದೇಶದ ಮೊದಲ ಪ್ರಯಾಣಿಕರ ರೈಲು ಸಂಚರಿಸಿತು. ಆ ಕಾಲದಲ್ಲಿ ರೈಲುಗಳ ಸಂಖ್ಯೆಯೂ ಕಡಿಮೆ, ಹಳಿ ದಾಟುವ ಎತ್ತಿನ ಗಾಡಿಗಳ ಸಂಖ್ಯೆಯೂ ಕಡಿಮೆ. ಇಂದು ರೈಲುಗಳ ವೇಗ ಹೆಚ್ಚಿದೆ. ರಸ್ತೆಯ ವಾಹನಗಳು ಅನೇಕ ಪಟ್ಟು ಹೆಚ್ಚಿವೆ. ಆದುದರಿಂದ ಹಳಿಯನ್ನು ಎಲ್ಲಿ, ಹೇಗೆ ದಾಟಬೇಕು ಎಂಬ ತಿಳಿವಳಿಕೆ ಪ್ರತಿಯೊಬ್ಬ ನಾಗರಿಕನಿಗೂ ಅವಶ್ಯ.

ಅಪಾಯದ ಮೂಲ

ಗಂಟೆಗೆ 100 ಕಿಲೋಮೀಟರು ವೇಗದಲ್ಲಿ ಓಡುವ ರೈಲು ಒಂದು ಸೆಕೆಂಡಿಗೆ ಸುಮಾರು 28 ಮೀಟರು ಮುಂದೆ ಸಾಗುತ್ತದೆ. ಒಂದು ಕಿಲೋಮೀಟರು ದೂರದಲ್ಲಿ ಕಾಣಿಸಿದ ರೈಲು ಕೇವಲ 36 ಸೆಕೆಂಡುಗಳಲ್ಲಿ ಗೇಟನ್ನು ತಲುಪುತ್ತದೆ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರಕ್ಕೆ ದೊರೆಯುವ ಹಿಡಿತ ಅಲ್ಪವಾದುದರಿಂದ, ಚಾಲಕನು ತುರ್ತು ಬ್ರೇಕು ಹಾಕಿದರೂ ರೈಲು ನಿಲ್ಲಲು ಹಲವು ನೂರು ಮೀಟರು ಬೇಕಾಗುತ್ತದೆ. ಭಾರ ತುಂಬಿದ ರೈಲಿಗೆ ಒಂದು ಕಿಲೋಮೀಟರಿಗೂ ಹೆಚ್ಚು ದೂರ ಬೇಕಾಗಬಹುದು. ರಸ್ತೆಯ ವಾಹನದಂತೆ ರೈಲು ಪಕ್ಕಕ್ಕೆ ತಿರುಗಲಾರದು. ಇದರ ಜೊತೆಗೆ, ಬೃಹದಾಕಾರದ ವಸ್ತುವು ದೂರದಿಂದ ನೋಡುವವರ ಕಣ್ಣಿಗೆ ನಿಧಾನವಾಗಿ ಬರುತ್ತಿರುವಂತೆ ತೋರುತ್ತದೆ. ‘ಇನ್ನೂ ಸಮಯವಿದೆ’ ಎಂಬ ಭ್ರಮೆ ಹುಟ್ಟುವುದು ಇಲ್ಲಿಯೇ.

ಕಾವಲುರಹಿತ ಗೇಟುಗಳು

ಗೇಟಾಗಲಿ ಕಾವಲುಗಾರನಾಗಲಿ ಇಲ್ಲದ ಕ್ರಾಸಿಂಗ್‌ಗಳು ದೀರ್ಘಕಾಲ ಅತ್ಯಂತ ಅಪಾಯಕಾರಿಯಾಗಿದ್ದವು. 2014ರ ಜುಲೈ 24ರಂದು ತೆಲಂಗಾಣದ ಮೆದಕ್ ಜಿಲ್ಲೆಯ ಮಾಸಾಯಿಪೇಟೆಯ ಬಳಿ ಶಾಲಾ ಬಸ್ಸಿಗೆ ಪ್ಯಾಸೆಂಜರ್ ರೈಲು ಬಡಿದು ಹತ್ತಕ್ಕೂ ಹೆಚ್ಚು ಮಕ್ಕಳು ಅಸುನೀಗಿದರು. 2018ರ ಏಪ್ರಿಲ್ 26ರಂದು ಉತ್ತರ ಪ್ರದೇಶದ ಕುಶೀನಗರ ಜಿಲ್ಲೆಯಲ್ಲಿ ಇಂಥದೇ ದುರಂತದಲ್ಲಿ 13 ಶಾಲಾ ಮಕ್ಕಳು ಮೃತಪಟ್ಟರು. ಎರಡೂ ಕಡೆ ಕ್ರಾಸಿಂಗ್ ಕಾವಲುರಹಿತವಾಗಿತ್ತು.

ಅನಿಲ್ ಕಾಕೋಡ್ಕರ್ ಅವರ ಅಧ್ಯಕ್ಷತೆಯ ಉನ್ನತ ಮಟ್ಟದ ಸುರಕ್ಷತಾ ಪರಿಶೀಲನಾ ಸಮಿತಿಯು 2012ರಲ್ಲಿ ಸಲ್ಲಿಸಿದ ವರದಿಯಲ್ಲಿ, ಕಾವಲಿರುವ ಮತ್ತು ಕಾವಲಿಲ್ಲದ ಎಲ್ಲ ಲೆವೆಲ್ ಕ್ರಾಸಿಂಗ್‌ಗಳನ್ನೂ ಐದು ವರ್ಷಗಳಲ್ಲಿ ತೆಗೆದುಹಾಕಬೇಕೆಂದು ಶಿಫಾರಸು ಮಾಡಿತ್ತು. ಇದರಲ್ಲಿ ಒಂದು ಭಾಗ ಈಗ ನೆರವೇರಿದೆ. 2019ರ ಜನವರಿ ಅಂತ್ಯದ ವೇಳೆಗೆ ಬ್ರಾಡ್‌ಗೇಜ್ ಮಾರ್ಗಗಳಲ್ಲಿದ್ದ ಕಾವಲುರಹಿತ ಕ್ರಾಸಿಂಗ್‌ಗಳನ್ನೆಲ್ಲ ನಿವಾರಿಸಲಾಯಿತು. ಕೆಲವಕ್ಕೆ ಕಾವಲು ನೇಮಿಸಲಾಯಿತು, ಕೆಲವನ್ನು ಮುಚ್ಚಲಾಯಿತು, ಹಲವು ಕಡೆ ಕೆಳಸೇತುವೆಗಳನ್ನು ನಿರ್ಮಿಸಲಾಯಿತು.

ಕಾವಲಿಲ್ಲದ ಕ್ರಾಸಿಂಗ್ ಎದುರಾದಲ್ಲಿ ಪಾಲಿಸಬೇಕಾದ ಕ್ರಮವನ್ನು 1988ರ ಮೋಟಾರು ವಾಹನ ಕಾಯಿದೆಯ 131ನೆಯ ಪ್ರಕರಣವು ವಿಧಿಸುತ್ತದೆ. ಅದರಂತೆ ಚಾಲಕನು ವಾಹನವನ್ನು ನಿಲ್ಲಿಸಬೇಕು. ಕಂಡಕ್ಟರನೋ ಸಹಾಯಕನೋ ಇಳಿದು ಹಳಿಯವರೆಗೆ ನಡೆದು, ಎರಡೂ ಕಡೆಯಿಂದ ರೈಲಾಗಲಿ ಟ್ರಾಲಿಯಾಗಲಿ ಬರುತ್ತಿಲ್ಲವೆಂದು ಖಚಿತಪಡಿಸಿಕೊಂಡು ವಾಹನವನ್ನು ದಾಟಿಸಬೇಕು. ಅಂಥವರಾರೂ ಇಲ್ಲದಿದ್ದಲ್ಲಿ ಚಾಲಕನೇ ಇಳಿದು ನೋಡಬೇಕು.

ಗೇಟು ಬಹಳ ಹೊತ್ತು ಮುಚ್ಚಿರುವುದೇಕೆ?

ರೈಲು ಕಾಣಿಸದಿದ್ದರೂ ಗೇಟು ಮುಚ್ಚಿರುತ್ತದೆ ಎಂಬುದು ಸಾಮಾನ್ಯ ದೂರು. ಇದಕ್ಕೆ ಕಾರಣವಿದೆ. ಇಂಟರ್‌ಲಾಕಿಂಗ್ ವ್ಯವಸ್ಥೆಯುಳ್ಳ ಗೇಟಿನಲ್ಲಿ ಗೇಟಿಗೂ ಸಿಗ್ನಲ್‌ಗೂ ನೇರ ಸಂಬಂಧವಿರುತ್ತದೆ. ಗೇಟು ಪೂರ್ಣವಾಗಿ ಮುಚ್ಚಿ ಬೀಗ ಬಿದ್ದ ಹೊರತು ರೈಲಿಗೆ ಮುಂದುವರಿಯುವ ಸಿಗ್ನಲ್ ದೊರೆಯದು. ಸಿಗ್ನಲ್ ಕೊಟ್ಟ ಬಳಿಕ ರೈಲು ಸಾಗಿಹೋಗುವವರೆಗೆ ಗೇಟು ಸಾಮಾನ್ಯವಾಗಿ ತೆರೆಯದು. ದೂರದಲ್ಲಿರುವ ರೈಲಿಗೆ ಸಕಾಲದಲ್ಲಿ ಸಿಗ್ನಲ್ ಕಾಣಬೇಕಾದುದರಿಂದ ಗೇಟನ್ನು ಮುಂಚಿತವಾಗಿಯೇ ಮುಚ್ಚುವುದು ಅನಿವಾರ್ಯ. ಜೋಡಿ ಮಾರ್ಗವಿದ್ದಲ್ಲಿ ಒಂದು ರೈಲು ಹೋದ ಬೆನ್ನಿಗೇ ಎದುರು ದಿಕ್ಕಿನಿಂದ ಇನ್ನೊಂದು ರೈಲು ಬರುವ ಸಂಭವವೂ ಉಂಟು.

ಇಂಟರ್‌ಲಾಕಿಂಗ್ ಇಲ್ಲದ ಗೇಟುಗಳಲ್ಲಿ ಸ್ಟೇಷನ್ ಮಾಸ್ತರರು ದೂರವಾಣಿಯ ಮೂಲಕ ರೈಲು ಬರುವ ಸೂಚನೆ ಕೊಡುತ್ತಾರೆ; ಗೇಟ್‌ಮನ್ ಗೇಟು ಮುಚ್ಚಿದುದನ್ನು ಅವರಿಗೆ ತಿಳಿಸುತ್ತಾನೆ. ಇಲ್ಲಿ ಸುರಕ್ಷತೆಯು ಇಬ್ಬರ ಮಾತು ಮತ್ತು ಎಚ್ಚರವನ್ನು ಅವಲಂಬಿಸಿದೆ. 2025ರ ಜುಲೈ 8ರಂದು ತಮಿಳುನಾಡಿನ ಕಡಲೂರು ಜಿಲ್ಲೆಯ ಸೆಮ್ಮಂಕುಪ್ಪಂ ಬಳಿ ಶಾಲಾ ವಾಹನಕ್ಕೆ ರೈಲು ಡಿಕ್ಕಿ ಹೊಡೆದು ಮೂವರು ವಿದ್ಯಾರ್ಥಿಗಳು ಮೃತಪಟ್ಟರು. ಆ ಗೇಟಿಗೆ ಕಾವಲಿತ್ತು, ಇಂಟರ್‌ಲಾಕಿಂಗ್ ಇರಲಿಲ್ಲ.

ಮುಚ್ಚಿದ ಗೇಟನ್ನು ಅಧಿಕಾರವಿಲ್ಲದೆ ತೆರೆಯುವುದು 1989ರ ರೈಲ್ವೆ ಕಾಯಿದೆಯ 160ನೆಯ ಪ್ರಕರಣದಂತೆ ಮೂರು ವರ್ಷಗಳವರೆಗೆ ಕಾರಾಗೃಹವಾಸಕ್ಕೆ ಗುರಿಮಾಡುವ ಅಪರಾಧ. ಗೇಟನ್ನು ಮುರಿದರೆ ಶಿಕ್ಷೆ ಐದು ವರ್ಷಗಳವರೆಗೆ ವಿಸ್ತರಿಸಬಹುದು.

ಕೆಳಸೇತುವೆಯ ನಿರ್ಮಾಣ

ಗೇಟು ಅಪಾಯವನ್ನು ತಡೆಹಿಡಿಯುತ್ತದೆ. ರಸ್ತೆಯನ್ನೂ ಹಳಿಯನ್ನೂ ಬೇರೆ ಬೇರೆ ಮಟ್ಟಕ್ಕೆ ತಂದಾಗ ಡಿಕ್ಕಿಯ ಸಂಭವವೇ ಇಲ್ಲವಾಗುತ್ತದೆ. ಇದಕ್ಕೆ ಮೇಲ್ಸೇತುವೆ ಮತ್ತು ಕೆಳಸೇತುವೆ ಎಂಬ ಎರಡು ಮಾರ್ಗಗಳಿವೆ. ಒಂದು ಗೇಟಿನಲ್ಲಿ ದಿನವೊಂದಕ್ಕೆ ಹಾಯುವ ರೈಲುಗಳ ಸಂಖ್ಯೆಯನ್ನು ರಸ್ತೆವಾಹನಗಳ ಸಂಖ್ಯೆಯಿಂದ ಗುಣಿಸಿ ಅಲ್ಲಿನ ಸಂಚಾರದ ಒತ್ತಡವನ್ನು ಅಳೆಯಲಾಗುತ್ತದೆ. ದಿನಕ್ಕೆ 50 ರೈಲುಗಳೂ 2,000 ವಾಹನಗಳೂ ಹಾಯುವ ಗೇಟಿನ ಗುಣಲಬ್ಧ ಒಂದು ಲಕ್ಷ. ರೈಲ್ವೆ ಮತ್ತು ರಾಜ್ಯ ಸರ್ಕಾರಗಳು ವೆಚ್ಚ ಹಂಚಿಕೊಂಡು ಸೇತುವೆ ಕಟ್ಟುವ ವಿಷಯದಲ್ಲಿ ಬಹುಕಾಲ ಈ ಒಂದು ಲಕ್ಷವೇ ಅಳತೆಗೋಲಾಗಿತ್ತು.

ಮೇಲ್ಸೇತುವೆಯು ರೈಲನ್ನೂ ಅದರ ಮೇಲಿನ 25,000 ವೋಲ್ಟ್ ವಿದ್ಯುತ್ ತಂತಿಯನ್ನೂ ದಾಟುವಷ್ಟು ಎತ್ತರವಿರಬೇಕು. 30 ಮೀಟರಿಗೆ ಒಂದು ಮೀಟರು ಏರುವ ರಸ್ತೆಯು 8 ಮೀಟರು ಎತ್ತರ ತಲುಪಲು ಎರಡೂ ಬದಿಗೆ 240 ಮೀಟರು ಜಾಗ ಬೇಡುತ್ತದೆ. ಕೆಳಸೇತುವೆಯ ಆಳ ಇದಕ್ಕಿಂತ ಕಡಿಮೆ. ಹಳಿಯು ಏರಿಯ ಮೇಲೆ ಸಾಗುವಲ್ಲಿ ಅದು ವಿಶೇಷವಾಗಿ ಅನುಕೂಲ. ಗ್ರಾಮೀಣ ರಸ್ತೆಗಳಲ್ಲಿ ಲಘು ವಾಹನಗಳಿಗೆಂದು ಸೀಮಿತ ಎತ್ತರದ ಕೆಳಸೇತುವೆಗಳನ್ನು ಕಟ್ಟಿರುವುದು ಇದೇ ಕಾರಣದಿಂದ.

ರೈಲು ಓಡುತ್ತಿರುವ ಮಾರ್ಗದ ಅಡಿಯಲ್ಲಿ ಕೆಲಸ ನಡೆಸಲು ಎರಡು ವಿಧಾನಗಳು ರೂಢಿಯಲ್ಲಿವೆ. ಮೊದಲನೆಯದರಲ್ಲಿ ಕೆಲವು ಗಂಟೆಗಳ ಕಾಲ ರೈಲು ಸಂಚಾರವನ್ನು ನಿಲ್ಲಿಸಿ, ಹಳಿ ಕಳಚಿ, ನೆಲ ಅಗೆದು, ಮೊದಲೇ ಎರಕ ಹೊಯ್ದಿಟ್ಟ ಕಾಂಕ್ರೀಟ್ ಪೆಟ್ಟಿಗೆಗಳನ್ನು ಕ್ರೇನಿನಿಂದ ಇಳಿಸಿ ಜೋಡಿಸಲಾಗುತ್ತದೆ. ಬಳಿಕ ಮಣ್ಣು ತುಂಬಿ, ಜಲ್ಲಿ ಹರಡಿ, ಹಳಿಯನ್ನು ಪುನಃ ಕೂಡಿಸಲಾಗುತ್ತದೆ.

ಎರಡನೆಯದು ಪೆಟ್ಟಿಗೆಯನ್ನು ತಳ್ಳುವ ವಿಧಾನ. ಹಳಿಯ ಪಕ್ಕದಲ್ಲಿ ದೊಡ್ಡ ಗುಂಡಿ ತೋಡಿ, ಕಾಂಕ್ರೀಟ್ ಹಾಸಿನ ಮೇಲೆ ಇಡೀ ಪೆಟ್ಟಿಗೆಯನ್ನು ಎರಕ ಹೊಯ್ಯಲಾಗುತ್ತದೆ. ಅದರ ಮುಂಭಾಗಕ್ಕೆ ಉಕ್ಕಿನ ಹರಿತ ಅಂಚನ್ನು ಜೋಡಿಸಿ, ಹಿಂಬದಿಯಲ್ಲಿ ಬಲವಾದ ಗೋಡೆ ಕಟ್ಟಲಾಗುತ್ತದೆ. ಆ ಗೋಡೆಗೆ ಆತುಕೊಂಡ ಹೈಡ್ರಾಲಿಕ್ ಜ್ಯಾಕ್‌ಗಳು ಪೆಟ್ಟಿಗೆಯನ್ನು ಇಂಚಿಂಚಾಗಿ ಏರಿಯೊಳಕ್ಕೆ ತಳ್ಳುತ್ತವೆ. ಕೆಲಸಗಾರರು ಪೆಟ್ಟಿಗೆಯ ಒಳಗಿನಿಂದಲೇ ಮಣ್ಣು ತೆಗೆಯುತ್ತಾರೆ. ಮೇಲೆ ಹಳಿಗೆ ಆಸರೆ ಕೊಟ್ಟು ರೈಲುಗಳನ್ನು ನಿಧಾನಗತಿಯಲ್ಲಿ ಬಿಡಲಾಗುತ್ತದೆ. ಚಾಲ್ತಿಯಲ್ಲಿರುವ ಮಾರ್ಗದ ಇಂಥ ಕಾಮಗಾರಿಗಳಿಗೆ ರೈಲ್ವೆ ಸುರಕ್ಷತಾ ಆಯುಕ್ತರ ಅನುಮತಿ ಅಗತ್ಯ. ಈ ಆಯುಕ್ತರು ರೈಲ್ವೆ ಸಚಿವಾಲಯಕ್ಕೆ ಅಧೀನರಾಗಿರದೆ ನಾಗರಿಕ ವಿಮಾನಯಾನ ಸಚಿವಾಲಯದ ಆಡಳಿತಕ್ಕೆ ಸೇರಿರುವುದು ಗಮನಾರ್ಹ.

ಮಳೆಗಾಲದ ಪರೀಕ್ಷೆ

ಕೆಳಸೇತುವೆಯ ನೆಲವು ಸುತ್ತಲಿನ ಭೂಮಿಗಿಂತ ತಗ್ಗಿನಲ್ಲಿರುವುದರಿಂದ ಮಳೆನೀರು ಅಲ್ಲಿಗೇ ಹರಿಯುತ್ತದೆ. ಮುಂಬಯಿಯ ಅಂಧೇರಿ ಮತ್ತು ಮಿಲನ್ ಸಬ್‌ವೇಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ದೆಹಲಿಯಲ್ಲಿ 1933ರಲ್ಲಿ ಕಟ್ಟಲಾದ ಮಿಂಟೋ ಸೇತುವೆಯ ಕೆಳಗೆ 2020ರ ಜುಲೈ 19ರಂದು ತುಂಬಿನಿಂತ ನೀರಿನಲ್ಲಿ ಸಿಲುಕಿ ಸಣ್ಣ ಸರಕು ವಾಹನವೊಂದರ ಚಾಲಕ ಮೃತಪಟ್ಟರು. 2024ರ ಜೂನ್ 28ರ ಭಾರಿ ಮಳೆಯಲ್ಲಿಯೂ ಅಲ್ಲಿ ಮತ್ತೆ ನೀರು ನಿಂತಿತು. ಬೆಂಗಳೂರಿನ ಕೆ.ಆರ್. ವೃತ್ತದ ಕೆಳರಸ್ತೆಯ ಮೇಲೆ ರೈಲುಮಾರ್ಗವಿಲ್ಲದಿದ್ದರೂ, 2023ರ ಮೇ 21ರಂದು ಅಲ್ಲಿ ಕಾರಿನಲ್ಲಿದ್ದ ಯುವತಿಯೊಬ್ಬರ ಪ್ರಾಣ ತೆಗೆದುದು ಇದೇ ಬಗೆಯ ನೀರು.

ಆದುದರಿಂದ ನೀರು ಹೊರಹೋಗುವ ವ್ಯವಸ್ಥೆಯು ಕೆಳಸೇತುವೆಯ ಅವಿಭಾಜ್ಯ ಅಂಗ. ಭೂಮಿಯ ಇಳಿಜಾರು ಒದಗಿದಲ್ಲಿ ಚರಂಡಿಯೇ ಸಾಕು. ಇಲ್ಲದಿದ್ದಲ್ಲಿ ನೀರು ಸೇರುವ ತೊಟ್ಟಿ, ಪಂಪು ಮತ್ತು ವಿದ್ಯುತ್ ನಿಂತಾಗ ಪಂಪನ್ನು ನಡೆಸುವ ಜನರೇಟರು ಬೇಕು. ಪ್ರವೇಶದಲ್ಲಿ ರಸ್ತೆಯನ್ನು ಉಬ್ಬಿಸಿದರೆ ಹೊರಗಿನ ನೀರು ಒಳನುಗ್ಗದು. ಇಳಿಜಾರಿನ ಮೇಲೆ ಚಾವಣಿ ಹೊದಿಸಿದರೆ ಮಳೆ ನೇರವಾಗಿ ಬೀಳದು.

ಕೆಳಸೇತುವೆ ಸಿದ್ಧವಾದ ಮೇಲೆ ಗೇಟನ್ನು ಶಾಶ್ವತವಾಗಿ ಮುಚ್ಚಲಾಗುತ್ತದೆ. ಆಗ ಶಾಲೆಯ ಮಕ್ಕಳಿಗೂ, ಹೊಲಕ್ಕೆ ಹೋಗುವ ರೈತರಿಗೂ, ಆಸ್ಪತ್ರೆಗೆ ಸಾಗುವ ರೋಗಿಗೂ ಅದೊಂದೇ ದಾರಿ. ಅದರಲ್ಲಿ ನೀರು ನಿಂತರೆ ಜನರು ಮತ್ತೆ ಹಳಿ ಹತ್ತುತ್ತಾರೆ. ನಿವಾರಿಸಿದ್ದ ಅಪಾಯವು, ಈ ಬಾರಿ ಗೇಟೂ ಕಾವಲೂ ಇಲ್ಲದೆ, ಹಿಂದಿರುಗುತ್ತದೆ. ಹೊಸ ಕೆಳಸೇತುವೆಯ ಪ್ರಸ್ತಾಪ ಬಂದಾಗ ಗ್ರಾಮಸ್ಥರು ‘ನೀರು ಎಲ್ಲಿಗೆ ಹೋಗುತ್ತದೆ? ಪಂಪಿನ ನಿರ್ವಹಣೆ ಯಾರದು?’ ಎಂಬ ಎರಡು ಪ್ರಶ್ನೆಗಳನ್ನು ಮೊದಲೇ ಕೇಳುವುದು ಉಚಿತ.

ನಾಗರಿಕರು ನೆನಪಿಡಬೇಕಾದುವು

1. ಗೇಟು ಮುಚ್ಚುತ್ತಿರುವಾಗ ಒಳನುಗ್ಗಬಾರದು. ಮುಚ್ಚಿದ ಗೇಟಿನ ಅಡಿಯಲ್ಲಿ ಸೈಕಲ್ಲನ್ನಾಗಲಿ ದ್ವಿಚಕ್ರ ವಾಹನವನ್ನಾಗಲಿ ನುಸುಳಿಸಬಾರದು.

2. ಗೇಟು ತೆರೆದಿದ್ದರೂ ಎರಡೂ ಕಡೆ ನೋಡಿ, ಕಿವಿಗೊಟ್ಟು ಕೇಳಿ ದಾಟಬೇಕು. ಆಗ ಇಯರ್‌ಫೋನ್ ಧರಿಸಿರಬಾರದು.

3. ಹಳಿಯ ಆಚೆ ವಾಹನಕ್ಕೆ ಸ್ಥಳವಿದೆಯೆಂದು ಖಚಿತವಾಗುವ ಮೊದಲು ಹಳಿಯ ಮೇಲೆ ಬರಬಾರದು.

4. ವಾಹನವು ಹಳಿಯ ಮೇಲೆ ಕೆಟ್ಟುನಿಂತರೆ ಎಲ್ಲರೂ ಮೊದಲು ಕೆಳಗಿಳಿದು ದೂರ ಸರಿಯಬೇಕು. ಕೂಡಲೇ ಗೇಟ್‌ಮನ್‌ಗೆ ತಿಳಿಸಬೇಕು.

5. ಎತ್ತರ ಮಿತಿಯ ಕಮಾನನ್ನು ಮುಟ್ಟುವಷ್ಟು ಸರಕು ಹೇರಬಾರದು.

6. ಕೆಳಸೇತುವೆಯಲ್ಲಿ ನೀರು ನಿಂತಿದ್ದರೆ, ಮುಂದಿನ ವಾಹನ ಹೋಯಿತೆಂದು ತಾವೂ ಇಳಿಯಬಾರದು. ಒಂದು ಅಡಿ ಆಳದ ಹರಿಯುವ ನೀರು ಸಣ್ಣ ಕಾರನ್ನು ತೇಲಿಸಬಲ್ಲದು.

7. ಕೆಳಸೇತುವೆಯ ಚರಂಡಿಗೆ ಕಸ ಎಸೆಯಬಾರದು. ಕಟ್ಟಿಕೊಂಡ ಚರಂಡಿ, ಕೆಟ್ಟ ಪಂಪು ಕಂಡಲ್ಲಿ ಮಳೆಗಾಲಕ್ಕೆ ಮುನ್ನವೇ ಸ್ಥಳೀಯ ಸಂಸ್ಥೆಗೆ ತಿಳಿಸಬೇಕು.

ಗೇಟಿನ ಬಳಿ ಕಾಯಬೇಕಾದುದು ಕೆಲವು ನಿಮಿಷ. ನೀರು ತುಂಬಿದ ಕೆಳಸೇತುವೆಯನ್ನು ಬಿಟ್ಟು ಸುತ್ತುಬಳಸಿ ಹೋಗಲು ತಗಲುವುದು ಅರ್ಧ ಗಂಟೆ. ಅಷ್ಟು ತಾಳ್ಮೆಯನ್ನು ಹಿರಿಯರು ತೋರಿದರೆ, ಹಿಂದೆ ಕುಳಿತ ಮಕ್ಕಳು ಅದನ್ನು ನೋಡಿಯೇ ಕಲಿಯುತ್ತಾರೆ.