ವಿಳಾಸವನ್ನು ಓದುವ ಯಂತ್ರಗಳು

ಧಾರವಾಡದಲ್ಲಿ ಅಂಚೆಗೆ ಹಾಕಿದ ಕಾಗದವು ಆರ್.ಕೆ.ಪುರಂನ ನಮ್ಮ ಮನೆಯ ಬಾಗಿಲಿಗೆ ಹೇಗೆ ಬಂದು ಮುಟ್ಟುತ್ತದೆ? ವಿಳಾಸದ ಕೊನೆಯಲ್ಲಿ 110022 ಎಂಬ ಪಿನ್ ಸಂಖ್ಯೆಯಿರುತ್ತದೆ. ಈ ಪದ್ಧತಿಯು 1972ರ ಆಗಸ್ಟ್ 15ರಂದು ಜಾರಿಗೆ ಬಂದಿತು. ಧಾರವಾಡದಲ್ಲಿ ಕಾಗದಗಳನ್ನು ವಿಂಗಡಿಸುವವನಿಗೆ ನಮ್ಮ ಸೆಕ್ಟರಿನ ಓಣಿಗಳ ಪರಿಚಯ ಬೇಕಿಲ್ಲ. 110 ಎಂಬ ಮೊದಲ ಮೂರು ಅಂಕೆಗಳನ್ನು ನೋಡಿ ದೆಹಲಿಯ ಚೀಲಕ್ಕೆ ಹಾಕಿದರೆ ಅವನ ಕೆಲಸ ಮುಗಿಯಿತು. ಉಳಿದ ಅಂಕೆಗಳನ್ನು ದೆಹಲಿಯವರು ನೋಡಿಕೊಳ್ಳುತ್ತಾರೆ. ಮನೆಯನ್ನು ಅಂಚೆಯವನು ಬಲ್ಲನು.

ವಿದ್ಯಾರ್ಥಿಗಳೇ, ಕಂಪ್ಯೂಟರುಗಳ ಜಾಲವೂ ಬಹುಮಟ್ಟಿಗೆ ಹೀಗೆಯೇ ನಡೆಯುತ್ತದೆ. ಕಳುಹಿಸಬೇಕಾದ ಸಂದೇಶವನ್ನು ಪ್ಯಾಕೆಟ್ ಎಂಬ ಸಣ್ಣ ತುಂಡುಗಳನ್ನಾಗಿ ಮಾಡುತ್ತಾರೆ. ಪ್ರತಿಯೊಂದು ತುಂಡಿನ ಮೇಲೂ ಕಳುಹಿಸಿದವರ ಮತ್ತು ಸೇರಬೇಕಾದವರ ಐ.ಪಿ. ವಿಳಾಸಗಳಿರುತ್ತವೆ. ಜಾಲದಿಂದ ಜಾಲಕ್ಕೆ ಪ್ಯಾಕೆಟ್ಟನ್ನು ದಾಟಿಸುವ ಯಂತ್ರವೇ ರೂಟರ್. ಅದು ತನ್ನ ಪಟ್ಟಿಯನ್ನು ನೋಡಿ, ವಿಳಾಸದ ಮುಂಭಾಗಕ್ಕೆ ಅತಿ ಹೆಚ್ಚಾಗಿ ಹೊಂದುವ ಸಾಲನ್ನು ಆರಿಸಿ, ಮುಂದಿನ ಒಂದು ಹೆಜ್ಜೆಯನ್ನು ಮಾತ್ರ ತೀರ್ಮಾನಿಸುತ್ತದೆ. ದಾರಿ ತಪ್ಪಿದ ಪ್ಯಾಕೆಟ್ಟು ಎಂದೆಂದಿಗೂ ಸುತ್ತುತ್ತಿರಬಾರದೆಂದು ಅದರ ಮೇಲೊಂದು ಎಣಿಕೆಯಿರುತ್ತದೆ. ಪ್ರತಿ ರೂಟರೂ ಅದರಿಂದ ಒಂದನ್ನು ಕಳೆಯುತ್ತದೆ. ಎಣಿಕೆ ಸೊನ್ನೆಯಾದರೆ ಪ್ಯಾಕೆಟ್ಟನ್ನು ಕೈಬಿಡುತ್ತದೆ.

ಒಂದೇ ಜಾಲದ ಒಳಗೆ ಕೆಲಸ ಮಾಡುವುದು ಸ್ವಿಚ್. ಇದು ಹೊಸದಾಗಿ ಬಂದ ಕಾವಲುಗಾರನಂತೆ. ಯಾರ ಮನೆ ಎಲ್ಲಿದೆಯೆಂದು ಮೊದಲು ಅರಿಯದು. ಯಾವ ಕಿಂಡಿಯಿಂದ ಯಾರ ಪತ್ರ ಬಂದಿತೆಂಬುದನ್ನು ಗುರುತು ಹಾಕಿಕೊಳ್ಳುತ್ತದೆ. ಸೇರಬೇಕಾದವರು ಯಾರೆಂದು ತಿಳಿಯದಿದ್ದರೆ, ಬಂದ ಕಿಂಡಿಯೊಂದನ್ನು ಬಿಟ್ಟು ಉಳಿದೆಲ್ಲ ಕಿಂಡಿಗಳಿಗೂ ಕಳುಹಿಸುತ್ತದೆ. ಉತ್ತರ ಬಂದೊಡನೆ ಅವರ ನೆಲೆಯನ್ನೂ ಕಲಿಯುತ್ತದೆ. ಸ್ವಿಚ್ಚು ಹೀಗೆ ಗುರುತಿಸುವುದು ಯಂತ್ರಗಳ 48 ಬಿಟ್ಟುಗಳ ಮ್ಯಾಕ್ ವಿಳಾಸವನ್ನು.

ಈ ವಿದ್ಯೆಯನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಪರೀಕ್ಷೆಗಳಲ್ಲಿ ಸಿಸ್ಕೊ ಸಂಸ್ಥೆಯ ಸಿ.ಸಿ.ಎನ್.ಎ. ಹೆಸರಾದುದು. ಮೊದಲು ರೂಟಿಂಗ್ ಮತ್ತು ಸ್ವಿಚಿಂಗ್ ಎಂಬ ಹೆಸರಿನಲ್ಲಿಯೇ ಇದ್ದ ಶಾಖೆಯು 2020ರಲ್ಲಿ ಒಂದೇ ಸಿ.ಸಿ.ಎನ್.ಎ. ಪರೀಕ್ಷೆಯಲ್ಲಿ ಸೇರಿಹೋಯಿತು. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಇದಕ್ಕೆಂದು ನೂರಾರು ಪ್ರಶ್ನೋತ್ತರಗಳನ್ನು ಬಾಯಿಪಾಠ ಮಾಡಿದ್ದನು. ಲೆಕ್ಕದಲ್ಲಿ ಒಂದು ಅಂಕೆಯನ್ನು ಬದಲಿಸಿ ಕೇಳಿದೆನು, ಸುಮ್ಮನಾದನು. "ಕನ್ನಡದಲ್ಲಿ ಓದಿದ ನಮಗೆ ಇದೆಲ್ಲಿ ಬಂದೀತು, ಸಾರ್?" ಎಂದನು. ನಾನೂ ಕನ್ನಡದಲ್ಲಿಯೇ ಎಸ್.ಎಸ್.ಎಲ್.ಸಿ. ಮುಗಿಸಿದವನು. ಅವನ ಕೈಗೆ ಪೆನ್ಸಿಲು ಕೊಟ್ಟು ಕೂಡಿಸಿಕೊಂಡೆನು.

ಲೆಕ್ಕವಿದು: ಯಂತ್ರವೊಂದರ ವಿಳಾಸ 192.168.10.70/26. ಇದು ಯಾವ ಜಾಲಕ್ಕೆ ಸೇರಿದೆ? ಈ ಬಗೆಯ ವಿಳಾಸದಲ್ಲಿ ಒಟ್ಟು 32 ಬಿಟ್ಟುಗಳು. ಮೊದಲ 26 ಜಾಲವನ್ನು ಸೂಚಿಸುತ್ತವೆ. ಯಂತ್ರಗಳಿಗೆ ಉಳಿದುದು 6. ಆರು ಎರಡುಗಳನ್ನು ಗುಣಿಸಿದರೆ 64. ಆದುದರಿಂದ ಕೊನೆಯ ಸಂಖ್ಯೆಯ ಗುಂಪುಗಳು 0, 64, 128, 192ರಿಂದ ಆರಂಭವಾಗುತ್ತವೆ. 70 ಬೀಳುವುದು 64ರ ಗುಂಪಿನಲ್ಲಿ. 64 ಜಾಲದ ಹೆಸರಿಗೆ, 127 ಎಲ್ಲರಿಗೂ ಒಮ್ಮೆಗೇ ಸಾರುವುದಕ್ಕೆ ಮೀಸಲು. ನಡುವೆ ಯಂತ್ರಗಳಿಗೆ 62 ವಿಳಾಸಗಳು.

ಅವನು ಇದನ್ನು ಕನ್ನಡದಲ್ಲಿ ತಿಳಿದುಕೊಂಡನು. ಇಂಗ್ಲಿಷ್ ಪ್ರಶ್ನೆಯನ್ನು ಆ ಮೇಲೆ ಓದಿದನು. ಆಗ ಅದರಲ್ಲಿ ಹೊಸದಾಗಿ ಕಲಿಯಬೇಕಾದುದು ನಾಲ್ಕಾರು ಶಬ್ದಗಳು ಮಾತ್ರ. ಇಂಗ್ಲಿಷನ್ನು ಕಲಿಯಬೇಡಿರೆಂದು ನಾನು ಹೇಳುತ್ತಿಲ್ಲ. ಪರೀಕ್ಷೆಗೆ ಅದು ಬೇಕೇ ಬೇಕು. ಆದರೆ ಅರ್ಥವಾಗದುದನ್ನು ಕಂಠಪಾಠ ಮಾಡಿದರೆ ಯಾವ ಭಾಷೆಯೂ ಕೈಹಿಡಿಯದು. 1986ರಲ್ಲಿ ನಮ್ಮ ದೇಶದ ಎರ್ನೆಟ್ ಜಾಲವನ್ನು ಆರಂಭಿಸಿದ ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಇದೇ ದೆಹಲಿಯ ಐ.ಐ.ಟಿ.ಯೂ ಇದ್ದವು. ಈ ವಿದ್ಯೆ ನಮ್ಮ ಎರಡೂ ಊರುಗಳಿಗೆ ಹಳೆಯ ಪರಿಚಯದ್ದೇ.

ಅಭ್ಯಾಸ: 192.168.10.70/26 ಮತ್ತು 192.168.10.130/26 ಒಂದೇ ಜಾಲದಲ್ಲಿವೆಯೇ? ಇವೆರಡರ ನಡುವೆ ಸಂದೇಶ ಸಾಗಲು ಸ್ವಿಚ್ ಒಂದೇ ಸಾಕೇ, ರೂಟರ್ ಬೇಕೇ? ಕಾರಣಸಹಿತ ಬರೆದು ತನ್ನಿರಿ.